ಉಳಿಸಿದ ಆಟ ಅಳಿಯದಿರಲಿ

'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಅದನ್ನು ಕಟ್ಟಿದವರ ಕಾಲದಲ್ಲಿ ವಿಡಿಯೋ ಆಟಗಳಿರಲಿಲ್ಲ. ಆದರೂ ಈ ಆಟಗಳಲ್ಲಿ ಆಗಾಗ ಸಂಭವಿಸುವ ಒಂದು ಅನಾಹುತಕ್ಕೆ ಇದಕ್ಕಿಂತ ಒಪ್ಪುವ ಮಾತು ಬೇರೊಂದು ದೊರೆಯಲಾರದು. ವಿದ್ಯಾರ್ಥಿಯೊಬ್ಬನು ರಜೆಯ ದಿನಗಳಲ್ಲಿ ನಲವತ್ತು ಐವತ್ತು ಗಂಟೆಗಳ ಕಾಲ ಆಡಿ, ಕಾಡು ಕಣಿವೆಗಳನ್ನು ದಾಟಿ, ಆಯುಧಗಳನ್ನೂ ಧನವನ್ನೂ ಕೂಡಿಸಿ, ಆಟದ ಮುಕ್ಕಾಲು ಭಾಗವನ್ನು ಮುಗಿಸಿರುತ್ತಾನೆ. ಮರುದಿನ ಯಂತ್ರವನ್ನು ಚಾಲನೆಗೊಳಿಸಿದಾಗ, ಉಳಿಸಿಟ್ಟ ಕಡತವು ಕೆಟ್ಟುಹೋಗಿದೆ ಎಂಬ ಒಂದೇ ಒಂದು ಸಾಲು ತೆರೆಯ ಮೇಲೆ ಮೂಡುತ್ತದೆ. ಯಂತ್ರವು ಮುರಿದಿಲ್ಲ, ಯಾರೂ ಏನನ್ನೂ ಕದ್ದಿಲ್ಲ. ಆದರೂ ಅಷ್ಟು ದಿನಗಳ ಶ್ರಮವು ಇಲ್ಲವಾಗಿರುತ್ತದೆ.

ಇಂತಹ ಸಂದರ್ಭದಲ್ಲಿ ಆಡುವವನು ಸಾಮಾನ್ಯವಾಗಿ ಎರಡು ಮಾತುಗಳನ್ನು ಕೇಳಬೇಕಾಗುತ್ತದೆ. 'ನಿನ್ನ ಗ್ರಹಚಾರ' ಎಂಬುದು ಒಂದು. 'ಕಡತವನ್ನು ಬರೆಯುತ್ತಿರುವಾಗ ಯಂತ್ರವನ್ನು ಆರಿಸಬಾರದೆಂದು ಮೊದಲೇ ಎಚ್ಚರಿಸಿರಲಿಲ್ಲವೆ?' ಎಂಬುದು ಇನ್ನೊಂದು. ಈ ಎರಡು ಮಾತುಗಳನ್ನೂ ನಾವು ಒಪ್ಪುವುದಿಲ್ಲ. ಕಡತವು ಕೆಡುವುದು ಗ್ರಹಚಾರವಲ್ಲ. ಅದಕ್ಕೆ ಸ್ಪಷ್ಟವಾದ ಕಾರಣಗಳಿವೆ. ಆ ಕಾರಣಗಳಿಗೆ ಬಹುಕಾಲದಿಂದ ತಿಳಿದಿರುವ ಪರಿಹಾರಗಳೂ ಇವೆ. ಹೀಗಿರುವಲ್ಲಿ ಅದನ್ನು ಕಾಪಾಡುವ ಹೊಣೆಯ ಮೊದಲ ಪಾಲು ಆಟವನ್ನು ರಚಿಸಿದವರದೇ ಹೊರತು ಆಡುವವರದಲ್ಲ ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಆಧಾರಗಳೇನೆಂಬುದನ್ನು ಮುಂದೆ ವಿವರಿಸುತ್ತೇವೆ.

ಮೊದಲು ಸೇವ್ ಫೈಲ್ ಎಂದರೇನೆಂಬುದನ್ನು ನೋಡೋಣ. ಆಟವು ನಡೆಯುತ್ತಿರುವಾಗ ಅದರ ಸ್ಥಿತಿಗತಿಯೆಲ್ಲವೂ ಯಂತ್ರದ ತಾತ್ಕಾಲಿಕ ಮೆಮೊರಿಯಲ್ಲಿರುತ್ತದೆ. ನಾಯಕನು ಯಾವ ಊರಿನಲ್ಲಿದ್ದಾನೆ, ಅವನ ಚೀಲದಲ್ಲಿ ಎಷ್ಟು ನಾಣ್ಯಗಳಿವೆ, ಯಾವ ಬಾಗಿಲು ತೆರೆದಿದೆ, ಯಾವ ಶತ್ರು ಸೋತಿದ್ದಾನೆ ಎಂಬುದೆಲ್ಲವೂ ಅಲ್ಲಿ ಬರಿಯ ಸಂಖ್ಯೆಗಳು. ವಿದ್ಯುತ್ತು ನಿಂತೊಡನೆ ಆ ಮೆಮೊರಿಯು ಬರಿದಾಗುತ್ತದೆ. ಆದುದರಿಂದ ಆ ಸಂಖ್ಯೆಗಳನ್ನು, ವಿದ್ಯುತ್ತಿಲ್ಲದೆಯೂ ಉಳಿಯುವ ಇನ್ನೊಂದು ಮೆಮೊರಿಗೆ ಗೊತ್ತಾದ ಕ್ರಮದಲ್ಲಿ ನಕಲು ಮಾಡಬೇಕಾಗುತ್ತದೆ. ಹೀಗೆ ನಕಲಾದ ಸಂಖ್ಯೆಗಳ ಸಾಲೇ ಸೇವ್ ಫೈಲ್. ಮತ್ತೆ ಆಡಲು ತೊಡಗಿದಾಗ, ಮೊದಲನೆಯದು ನಾಣ್ಯಗಳ ಸಂಖ್ಯೆ, ಎರಡನೆಯದು ಬಾಣಗಳ ಸಂಖ್ಯೆ ಎಂದು ಯಂತ್ರವು ಆ ಕ್ರಮವನ್ನೇ ನಂಬಿ ಓದಿಕೊಳ್ಳುತ್ತದೆ. ಸಾಲಿನ ಕೆಲವು ಅಂಕೆಗಳು ಸ್ಥಾನ ತಪ್ಪಿದರೆ ಸಾಕು, ಉಳಿದುದೆಲ್ಲಕ್ಕೂ ಅರ್ಥ ಕೆಡುತ್ತದೆ.

ಈ ನಕಲು ಕೆಲಸವು ಕ್ಷಣಾರ್ಧದಲ್ಲಿ ಮುಗಿಯುವಂತೆ ನಮಗೆ ತೋರುತ್ತದೆ. ವಾಸ್ತವವಾಗಿ ಅದು ಒಂದರ ಹಿಂದೊಂದರಂತೆ ನಡೆಯುವ ಅನೇಕ ಹೆಜ್ಜೆಗಳ ಕೆಲಸ. ಅಂಗಡಿಯ ಗುಮಾಸ್ತನೊಬ್ಬನು ಪ್ರತಿ ಸಂಜೆಯೂ ಲೆಕ್ಕದ ಹಲಗೆಯನ್ನು ಒರೆಸಿ, ಅದೇ ಹಲಗೆಯ ಮೇಲೆ ಹೊಸ ಲೆಕ್ಕವನ್ನು ಬರೆಯುತ್ತಾನೆಂದು ಭಾವಿಸಿಕೊಳ್ಳಿ. ಅರ್ಧ ಬರೆದಾಗ ದೀಪವು ಆರಿದರೆ ಗತಿಯೇನು? ನಿನ್ನೆಯ ಲೆಕ್ಕವು ಒರೆಸಿಹೋಗಿದೆ, ಇಂದಿನದು ಪೂರ್ಣವಾಗಿಲ್ಲ. ಇಂದು ಬಳಕೆಯಲ್ಲಿರುವ ಫ್ಲ್ಯಾಷ್ ಮೆಮೊರಿಯ ಸ್ವಭಾವವೂ ಇಂಥದೇ. ಅದರಲ್ಲಿ ಹಳೆಯ ಬರಹದ ಮೇಲೆಯೇ ಹೊಸದನ್ನು ಬರೆಯಲಾಗದು. ಮೊದಲು ಒಂದು ಇಡೀ ಖಂಡವನ್ನು ಅಳಿಸಬೇಕು. ಆಗ ಅಲ್ಲಿನ ಬಿಟ್‌ಗಳೆಲ್ಲವೂ 1 ಆಗುತ್ತವೆ. ಅನಂತರ ಬೇಕಾದೆಡೆಗಳಲ್ಲಿ 0 ಬರೆಯಬೇಕು. ಅಳಿಸುವ ಕೆಲಸ ಮೊದಲಾದಾಗಿನಿಂದ ಬರೆಯುವ ಕೆಲಸ ಮುಗಿಯುವವರೆಗಿನ ಅವಧಿಯೇ ಅಪಾಯದ ಅವಧಿ. ಮಳೆಗಾಲದ ಸಂಜೆ ವಿದ್ಯುತ್ತು ಹೋಗುವುದು ನಮ್ಮ ಊರುಗಳಲ್ಲಿ ಅಪರೂಪವಲ್ಲ; ಕೈಯಲ್ಲಿ ಹಿಡಿದಾಡುವ ಯಂತ್ರದ ಬ್ಯಾಟರಿಯು ಬರಿದಾಗಬಹುದು; ಆಟದ ಪ್ರೋಗ್ರಾಮೇ ನಡುವೆ ಸ್ತಬ್ಧವಾಗಬಹುದು. ಇವುಗಳಲ್ಲಿ ಯಾವುದೊಂದೂ ಎಂದಿಗೂ ನಡೆಯದೆಂದು ನಂಬಿ ಮಾಡಿದ ಏರ್ಪಾಡು ಏರ್ಪಾಡೇ ಅಲ್ಲ.

ಈ ತೊಡಕಿನ ಇತಿಹಾಸವು ಸ್ವಾರಸ್ಯವಾದುದು. 1986ರಲ್ಲಿ ಜಪಾನಿನಲ್ಲಿ ಹೊರಬಂದ 'ಡ್ರ್ಯಾಗನ್ ಕ್ವೆಸ್ಟ್' ಎಂಬ ಆಟದ ಕಾರ್ಟ್ರಿಜ್‌ನಲ್ಲಿ ಉಳಿಸಿಡುವ ಮೆಮೊರಿಯೇ ಇರಲಿಲ್ಲ. ಆಟವನ್ನು ನಿಲ್ಲಿಸುವಾಗ ಯಂತ್ರವು 20 ಅಕ್ಷರಗಳ ಒಂದು 'ಪುನರುಜ್ಜೀವನ ಮಂತ್ರ'ವನ್ನು ತೋರಿಸುತ್ತಿತ್ತು. ಆಡುವವರು ಅದನ್ನು ಕಾಗದದಲ್ಲಿ ಬರೆದುಕೊಂಡು, ಮತ್ತೆ ಆಡುವಾಗ ತಪ್ಪಿಲ್ಲದೆ ಒಪ್ಪಿಸಬೇಕಾಗಿತ್ತು. 1987ರ ಎರಡನೆಯ ಆಟದಲ್ಲಿ ಈ ಮಂತ್ರವು 52 ಅಕ್ಷರಗಳವರೆಗೂ ಬೆಳೆಯಿತು. ನಕಲು ಮಾಡುವಾಗ ಅಕ್ಷರ ತಪ್ಪಿದರೆ ಮಂತ್ರವು ಫಲಿಸುತ್ತಿರಲಿಲ್ಲ. 1988ರ ಮೂರನೆಯ ಆಟದಲ್ಲಿ ಕಾರ್ಟ್ರಿಜ್‌ನೊಳಗೆ ಮೆಮೊರಿಯನ್ನೂ, ಅದನ್ನು ಜೀವಂತವಾಗಿಡಲು ಒಂದು ಚಿಕ್ಕ ಬ್ಯಾಟರಿಯನ್ನೂ ಇರಿಸಿದರು. ಅದರಲ್ಲಿ ಉಳಿಯುವ ದಾಖಲೆಗೆ 'ಸಾಹಸದ ಪುಸ್ತಕ'ವೆಂದು ಹೆಸರಿಟ್ಟರು. ಸೌಕರ್ಯದ ಬೆನ್ನ ಹಿಂದೆಯೇ ಸಂಕಟವೂ ಬಂದಿತು. ಆ ದಾಖಲೆಯು ಕೆಟ್ಟಿದ್ದರೆ ಯಂತ್ರವು ಅಪಶಕುನದಂತಹ ಒಂದು ರಾಗವನ್ನು ನುಡಿಸಿ, ಸಾಹಸದ ಪುಸ್ತಕವು ಅಳಿದುಹೋಯಿತೆಂದು ವಿಷಾದದಿಂದ ತಿಳಿಸುತ್ತಿತ್ತು. ಅಂದು ಬಾಲಕರಾಗಿದ್ದ ಜಪಾನೀಯರಲ್ಲಿ ಅನೇಕರು ಆ ರಾಗವನ್ನು ಇಂದಿಗೂ ಮರೆತಿಲ್ಲ.

ಇದೇ ಬಗೆಯ ಬ್ಯಾಟರಿಯನ್ನು ಹೊತ್ತು 1987ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಇನ್ನೊಂದು ಆಟ 'ದಿ ಲೆಜೆಂಡ್ ಆಫ್ ಜೆಲ್ಡಾ'. ಅದರ ಮೆಮೊರಿಯು 8 ಕಿಲೋಬೈಟ್ ಮಾತ್ರ. ಮೂವರ ದಾಖಲೆಗಳನ್ನು ಅದರಲ್ಲಿ ಇಡಬಹುದಾಗಿತ್ತು. ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ವಿದ್ಯುತ್ತನ್ನು ಆರಿಸಬೇಕೆಂಬ ಸೂಚನೆಯು ಆ ಆಟದಲ್ಲಿ ತೋರುತ್ತಿತ್ತು. ಇದು ಮೂಢನಂಬಿಕೆಯಲ್ಲ. ವಿದ್ಯುತ್ತನ್ನು ಆರಿಸಿದಾಗ ವೋಲ್ಟೇಜು ಒಮ್ಮೆಲೇ ಸೊನ್ನೆಗೆ ಇಳಿಯುವುದಿಲ್ಲ. ಇಳಿಯುವ ಆ ಅಲ್ಪ ಕಾಲದಲ್ಲಿ ಪ್ರಾಸೆಸರ್ ನಿಲ್ಲದೆ, ಮತಿಗೆಟ್ಟವನಂತೆ ತಪ್ಪು ಆಜ್ಞೆಗಳನ್ನು ನಡೆಸಿ, ಬ್ಯಾಟರಿಯಿಂದ ಬದುಕಿರುವ ಮೆಮೊರಿಯ ಮೇಲೆ ಏನನ್ನಾದರೂ ಗೀಚಿಬಿಡಬಹುದು. ರೀಸೆಟ್ ಗುಂಡಿಯು ಒತ್ತಿರುವಷ್ಟು ಹೊತ್ತು ಪ್ರಾಸೆಸರ್ ಸುಮ್ಮನಿರುತ್ತದೆ; ಆದುದರಿಂದ ದಾಖಲೆಯು ಉಳಿಯುತ್ತದೆ.

ಅಂದಿನ ಬಡ ಯಂತ್ರಗಳ ಮಟ್ಟಿಗೆ ಈ ಸೂಚನೆಯನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಎಚ್ಚರಿಕೆಯು ರಕ್ಷಣೆಯ ಸ್ಥಾನವನ್ನು ತುಂಬಲಾರದು. ಮನೆಯ ವಿದ್ಯುತ್ ಜೋಡಣೆಯಲ್ಲಿ ಫ್ಯೂಸನ್ನು ಇಡದೆ, 'ಹೆಚ್ಚು ದೀಪಗಳನ್ನು ಹಚ್ಚಬೇಡಿರಿ' ಎಂದು ಗೋಡೆಗೆ ಒಂದು ಚೀಟಿಯನ್ನು ಅಂಟಿಸಿ ಹೋದ ಕೆಲಸಗಾರನನ್ನು ನಾವು ಮೆಚ್ಚುವೆವೆ? 'ಉಳಿಸುತ್ತಿದ್ದೇವೆ, ಯಂತ್ರವನ್ನು ಆರಿಸಬೇಡಿರಿ' ಎಂಬ ಬರಹವನ್ನು ಮಾತ್ರ ತೋರಿಸಿ, ಒಳಗೆ ಯಾವ ರಕ್ಷಣೆಯನ್ನೂ ಮಾಡದ ಆಟವು ಆ ಚೀಟಿಗಿಂತ ಮೇಲಲ್ಲ.

ಹಾಗಾದರೆ ನಿಜವಾದ ರಕ್ಷಣೆ ಯಾವುದು? ಮೊದಲನೆಯ ನಿಯಮವು ಬಹಳ ಸರಳವಾದುದು: ಹೊಸ ದಾಖಲೆಯು ಪೂರ್ಣವಾಗುವ ತನಕ ಹಳೆಯದನ್ನು ಮುಟ್ಟಬಾರದು. ನಮ್ಮ ಗುಮಾಸ್ತನು ಎರಡು ಹಲಗೆಗಳನ್ನು ಇಟ್ಟುಕೊಂಡು, ಇಂದು ಒಂದರಲ್ಲಿ ನಾಳೆ ಇನ್ನೊಂದರಲ್ಲಿ ಬರೆದರೆ ಸಾಕು. ದೀಪವು ಯಾವ ಗಳಿಗೆಯಲ್ಲಿ ಆರಿದರೂ ಒಂದು ಹಲಗೆಯ ಲೆಕ್ಕವು ಸರಿಯಾಗಿಯೇ ಇರುತ್ತದೆ. ಹೆಚ್ಚೆಂದರೆ ಒಂದು ದಿನದ ಲೆಕ್ಕ ಹೋದೀತು, ವರ್ಷದ್ದಲ್ಲ.

ಆದರೆ ಎರಡು ಹಲಗೆಗಳಲ್ಲಿ ಯಾವುದು ಪೂರ್ಣ, ಯಾವುದು ಅಪೂರ್ಣ ಎಂದು ತಿಳಿಯುವುದು ಹೇಗೆ? ಇಲ್ಲಿ ಎರಡನೆಯ ನಿಯಮವು ಬರುತ್ತದೆ: ದಾಖಲೆಯೊಡನೆ ಅದರ ತಾಳೆಮೊತ್ತವನ್ನೂ, ಎಂದರೆ ಚೆಕ್‌ಸಮ್ ಎಂಬುದನ್ನೂ ಬರೆಯಬೇಕು. ನಾಣ್ಯಗಳು 250, ಬಾಣಗಳು 14, ಕೋಣೆಯ ಸಂಖ್ಯೆ 37, ಪ್ರಾಣಶಕ್ತಿ 9 ಎಂದು ಇಟ್ಟುಕೊಳ್ಳೋಣ. ಇವುಗಳ ಮೊತ್ತ 310. ಇದನ್ನೂ ಕೊನೆಯಲ್ಲಿ ಬರೆದಿಟ್ಟರೆ, ಮುಂದೆ ಓದುವಾಗ ಯಂತ್ರವು ಮತ್ತೆ ಕೂಡಿ ನೋಡಬಹುದು. 14 ಎಂಬುದು ಹೇಗೋ 41 ಆಗಿದ್ದರೆ ಮೊತ್ತವು 337 ಆಗುತ್ತದೆ. ದಾಖಲೆ ಕೆಟ್ಟಿದೆಯೆಂಬುದು ಕೂಡಲೆ ಗೊತ್ತಾಗುತ್ತದೆ. ಆದರೆ 14 ಮತ್ತು 37 ತಮ್ಮ ಸ್ಥಾನಗಳನ್ನು ಅದಲುಬದಲು ಮಾಡಿಕೊಂಡಿದ್ದರೆ? ಮೊತ್ತವು 310 ಆಗಿಯೇ ಉಳಿಯುತ್ತದೆ, ತಪ್ಪು ಸಿಕ್ಕಿಬೀಳುವುದಿಲ್ಲ. ಆದುದರಿಂದ ಪ್ರತಿ ಸಂಖ್ಯೆಯನ್ನೂ ಅದರ ಸ್ಥಾನದಿಂದ, ಎಂದರೆ 1, 2, 3, 4ರಿಂದ ಗುಣಿಸಿ ಕೂಡಬಹುದು. ಆಗ ಸರಿಯಾದ ಸಾಲಿನ ಮೊತ್ತ 425, ಅದಲುಬದಲಾದುದರ ಮೊತ್ತ 402. ವಾಚಕರು ಕಾಗದದ ಮೇಲೆ ಇದನ್ನು ಮಾಡಿ ನೋಡಬಹುದು.

ಈ ವಿದ್ಯೆಯು ಆಟಗಳಿಗಾಗಿ ಹುಟ್ಟಿದುದಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಹ್ಯಾಮಿಂಗ್ ಅವರಿಗೆ ವಾರದ ಕೊನೆಯ ದಿನಗಳಲ್ಲಿ ಮಾತ್ರ ಗಣಕಯಂತ್ರವು ದೊರೆಯುತ್ತಿತ್ತು. ಯಂತ್ರವು ತನ್ನಲ್ಲಿ ತಪ್ಪು ಕಂಡೊಡನೆ ಅವರ ಲೆಕ್ಕವನ್ನು ಅಲ್ಲಿಗೇ ಕೈಬಿಡುತ್ತಿತ್ತು. ತಪ್ಪು ಆಗಿದೆಯೆಂದು ಕಂಡುಹಿಡಿಯಬಲ್ಲ ಯಂತ್ರವು ಎಲ್ಲಿ ಆಗಿದೆಯೆಂದೂ ಕಂಡು ತಾನೇ ತಿದ್ದಿಕೊಳ್ಳಬಾರದೇಕೆ ಎಂಬ ಪ್ರಶ್ನೆಯಿಂದ ಹೊರಟು, ತಪ್ಪುಗಳನ್ನು ತಿದ್ದುವ ಸಂಕೇತಗಳನ್ನು ಅವರು 1950ರಲ್ಲಿ ಪ್ರಕಟಿಸಿದರು. 1961ರಲ್ಲಿ ವೆಸ್ಲಿ ಪೀಟರ್ಸನ್ ಎಂಬವರು ಇನ್ನೊಂದು ಕ್ರಮವನ್ನು ತಿಳಿಸಿದರು. ಇಡೀ ಕಡತವನ್ನು ಒಂದು ಬಹುಪದಿಯೆಂದು ಭಾವಿಸಿ, ಗೊತ್ತಾದ ಇನ್ನೊಂದು ಬಹುಪದಿಯಿಂದ ಭಾಗಿಸಿ, ಉಳಿದ ಶೇಷವನ್ನು ತಾಳೆಗಾಗಿ ಬರೆದಿಡುವ ಕ್ರಮವದು. ಸಿಆರ್‌ಸಿ ಎಂಬ ಹೆಸರಿನಿಂದ ಅದು ಇಂದು ಎಲ್ಲೆಡೆಯೂ ಬಳಕೆಯಲ್ಲಿದೆ. 32 ಬಿಟ್‌ಗಳ ಶೇಷವನ್ನು ಬರೆದಿಟ್ಟರೆ, 32 ಬಿಟ್‌ಗಳ ಅಗಲದೊಳಗೆ ಒಟ್ಟಾಗಿ ಬಿದ್ದ ಯಾವ ತಪ್ಪೂ ಕಣ್ತಪ್ಪಿ ಹೋಗಲಾರದು. ಹೈಸ್ಕೂಲಿನ ಬೀಜಗಣಿತದ ಭಾಗಾಕಾರವು ಇಂತಹ ಕೆಲಸಕ್ಕೆ ಬರುವುದೆಂದು ತಿಳಿದರೆ ನಮ್ಮ ವಿದ್ಯಾರ್ಥಿಗಳಿಗೆ ಸಂತೋಷವಾಗದಿರದು.

ಆದರೆ ತಾಳೆಮೊತ್ತವೊಂದೇ ಇದ್ದರೆ ಸಾಲದು. 1996ರಲ್ಲಿ ಜಪಾನಿನಲ್ಲಿ ಬಂದ 'ಪೋಕೆಮಾನ್' ಆಟಗಳಲ್ಲಿ ತಾಳೆಮೊತ್ತವಿತ್ತು. ದಾಖಲೆಯು ಮಾತ್ರ ಒಂದೇ ಇತ್ತು. ತಾಳೆ ತಪ್ಪಿದಾಗ ದಾಖಲೆಯು ನಾಶವಾಗಿದೆಯೆಂದು ಸಾರುವುದರ ಹೊರತು ಯಂತ್ರಕ್ಕೆ ಬೇರೆ ದಾರಿಯಿರಲಿಲ್ಲ. 1999ರ ಆಟಗಳಲ್ಲಿ ದಾಖಲೆಯ ಇನ್ನೊಂದು ಪ್ರತಿಯನ್ನೂ ಇಡತೊಡಗಿದರು. 2002ರಲ್ಲಿ ಬಂದ 'ರೂಬಿ' ಮತ್ತು 'ಸಫೈರ್' ಆಟಗಳ ಏರ್ಪಾಡಂತೂ ಅಚ್ಚುಕಟ್ಟಾದುದು. ಅವುಗಳ 128 ಕಿಲೋಬೈಟ್ ಫ್ಲ್ಯಾಷ್ ಮೆಮೊರಿಯಲ್ಲಿ ಎರಡು ಪಾಲುಗಳು; ಒಂದೊಂದು ಪಾಲಿನಲ್ಲಿಯೂ 4 ಕಿಲೋಬೈಟುಗಳ 14 ಖಂಡಗಳು; ಪ್ರತಿ ಖಂಡದ ಕೊನೆಯಲ್ಲಿ ಅದರ ತಾಳೆಮೊತ್ತವೂ, ಇದು ಎಷ್ಟನೆಯ ಸಲದ ಬರಹವೆಂಬ ಕ್ರಮಸಂಖ್ಯೆಯೂ ಇರುತ್ತವೆ. ಒಂದು ಸಲ ಮೊದಲ ಪಾಲಿನಲ್ಲಿ ಬರೆದರೆ ಮುಂದಿನ ಸಲ ಎರಡನೆಯದರಲ್ಲಿ. ಆಟವನ್ನು ತೆರೆದಾಗ ಯಂತ್ರವು ಎರಡನ್ನೂ ತಾಳೆ ನೋಡಿ, ಸರಿಯಾಗಿರುವವುಗಳಲ್ಲಿ ಹೊಸದನ್ನು ತೆಗೆದುಕೊಳ್ಳುತ್ತದೆ. ಹೊಸದು ಕೆಟ್ಟಿದ್ದರೆ ಹಾಗೆಂದು ತಿಳಿಸಿ, ಹಿಂದಿನದರಿಂದ ಆಟವನ್ನು ಮುಂದುವರಿಸುತ್ತದೆ. ಬಾಲಕರ ಅಂಗೈಯಲ್ಲಿ ಆಡುವ ಯಂತ್ರದಲ್ಲಿ 2002ರಲ್ಲಿಯೇ ಇದು ಸಾಧ್ಯವಾಗಿತ್ತೆಂಬುದನ್ನು ಗಮನದಲ್ಲಿಡಬೇಕು.

ಇಂದಿನ ಕಂಪ್ಯೂಟರ್ ಮತ್ತು ಫೋನುಗಳಲ್ಲಿ ಈ ಕೆಲಸವು ಇನ್ನೂ ಸುಲಭ. ಹೊಸ ದಾಖಲೆಯನ್ನು ಬೇರೊಂದು ಹೆಸರಿನ ಕಡತದಲ್ಲಿ ಬರೆಯಬೇಕು. ಅದು ಡಿಸ್ಕಿಗೆ ನಿಜವಾಗಿ ತಲಪಿತೆಂದು ಖಚಿತಪಡಿಸಿಕೊಳ್ಳಬೇಕು. ಅನಂತರ ಹಳೆಯದರ ಹೆಸರನ್ನು ಹೊಸದಕ್ಕೆ ಕೊಡಬೇಕು. ಹೆಸರನ್ನು ಬದಲಿಸುವ ಈ ಕೊನೆಯ ಹೆಜ್ಜೆಯನ್ನು ಯುನಿಕ್ಸ್ ವಂಶದ ವ್ಯವಸ್ಥೆಗಳು ಅವಿಭಾಜ್ಯವಾಗಿ ನಡೆಸುತ್ತವೆ. ಓದುವವರಿಗೆ ಸಿಕ್ಕುವುದು ಹಳೆಯ ಕಡತ, ಇಲ್ಲವೆ ಹೊಸ ಕಡತ. ಅರ್ಧಂಬರ್ಧವಾದುದು ಎಂದಿಗೂ ಸಿಕ್ಕುವುದಿಲ್ಲ. ನಡುವಣ ಹೆಜ್ಜೆಯನ್ನು ಮರೆಯುವುದೇ ಇಲ್ಲಿ ಸಾಮಾನ್ಯವಾದ ತಪ್ಪು. ವೇಗಕ್ಕಾಗಿ ಕಂಪ್ಯೂಟರುಗಳು ಬರಹವನ್ನು ಸ್ವಲ್ಪ ಕಾಲ ತಾತ್ಕಾಲಿಕ ಮೆಮೊರಿಯಲ್ಲಿಯೇ ಇಟ್ಟುಕೊಂಡಿರುತ್ತವೆ. 'ಬರೆದಾಯಿತು' ಎಂದು ಅವು ಹೇಳಿದ ಮಾತ್ರಕ್ಕೆ ಬರೆದಾಯಿತೆಂದು ತಿಳಿಯಬಾರದು.

ಕಡತವು ಕೆಡಲು ವಿದ್ಯುತ್ತೇ ಹೋಗಬೇಕೆಂದಿಲ್ಲ. 2020ರ ಡಿಸೆಂಬರಿನಲ್ಲಿ ಹೊರಬಂದ 'ಸೈಬರ್‌ಪಂಕ್ 2077' ಎಂಬ ಆಟದ ಕಂಪ್ಯೂಟರ್ ಆವೃತ್ತಿಯಲ್ಲಿ ಸೇವ್ ಫೈಲ್ 8 ಮೆಗಾಬೈಟುಗಳನ್ನು ಮೀರಿ ಬೆಳೆದರೆ ಕೆಟ್ಟುಹೋಗುತ್ತಿತ್ತು. ಹೆಚ್ಚು ಕಾಲ ಆಡಿ ಹೆಚ್ಚು ಸಾಮಗ್ರಿಯನ್ನು ಕೂಡಿಸಿದವರಿಗೇ ಹೆಚ್ಚು ಅಪಾಯ! ಹಳೆಯ ಕಡತಕ್ಕೆ ಹಿಂದಿರುಗಿ, ಸಾಮಗ್ರಿಗಳನ್ನು ಕಡಮೆ ಇಟ್ಟುಕೊಳ್ಳಿರಿ ಎಂಬ ಸಲಹೆ ಮೊದಲು ಬಂದಿತು. ಅದೇ ತಿಂಗಳಲ್ಲಿ ತಿದ್ದುಪಡಿಯೂ ಬಂದು ಆ ಮಿತಿಯು ತೊಲಗಿತು. ಆದರೆ ಅದಾಗಲೇ ಕೆಟ್ಟಿದ್ದ ಕಡತಗಳು ತಿದ್ದುಪಡಿಯಿಂದ ಸರಿಯಾಗಲಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿದಂತಾಯಿತು.

ನಮ್ಮ ವಾದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನೂ ನೋಡೋಣ. ಎರಡು ಪ್ರತಿಗಳಿಗೆ ಇಮ್ಮಡಿ ಸ್ಥಳ ಬೇಕೆಂಬುದು ಮೊದಲನೆಯದು. 8 ಕಿಲೋಬೈಟುಗಳ ಕಾಲದಲ್ಲಿ ಈ ಮಾತಿಗೆ ತೂಕವಿತ್ತು. ನೂರಾರು ಗಿಗಾಬೈಟುಗಳ ಇಂದಿನ ಯಂತ್ರಗಳಲ್ಲಿ ಕೆಲವು ಮೆಗಾಬೈಟುಗಳ ಕಡತವನ್ನು ಎರಡಲ್ಲ, ಹತ್ತು ಸಲ ಬರೆದಿಟ್ಟರೂ ಸ್ಥಳಕ್ಕೆ ಬಾಧೆಯಿಲ್ಲ. ಹಿಂದಿನ ಪ್ರತಿಗಳಿದ್ದರೆ ಆಡುವವರು ಸೋತಾಗಲೆಲ್ಲ ಹಿಂದಿರುಗಿ ಆಟದ ಬಿಗಿಯನ್ನು ಕೆಡಿಸುವರೆಂಬುದು ಎರಡನೆಯದು. ಒಮ್ಮೆ ಸತ್ತರೆ ಮೊದಲಿನಿಂದಲೇ ಆಡಬೇಕೆಂಬ ಕಟ್ಟುನಿಟ್ಟು 1980ರ 'ರೋಗ್' ಆಟದ ಕಾಲದಿಂದಲೂ ಇದೆ, ಅದಕ್ಕೆ ಅದರದೇ ರುಚಿಯಿದೆ. ಆದರೆ ರಕ್ಷಣೆಯ ಪ್ರತಿಯನ್ನು ಆಡುವವರಿಗೆ ತೋರಿಸಬೇಕೆಂದೇನೂ ಇಲ್ಲ. ಕಡತವು ಕೆಟ್ಟಾಗ ಮಾತ್ರ ಯಂತ್ರವೇ ಅದನ್ನು ಹೊರತೆಗೆದರಾಯಿತು. ಇದೆಲ್ಲವೂ ಬರಿಯ ಆಟ, ಇದಕ್ಕೇಕೆ ಇಷ್ಟು ಚಿಂತೆ ಎಂಬುದು ಮೂರನೆಯದು. ಆಟವೇ ಇರಬಹುದು, ಅದರಲ್ಲಿ ಸಂದ ಕಾಲವು ಆಡಿದವನ ಆಯುಷ್ಯದ್ದೇ ಅಲ್ಲವೆ? ಅಲ್ಲದೆ, ಆಟದ ಕಡತವನ್ನು ಕೆಡಿಸುವ ದೋಷವೇ ಪ್ರಯೋಗಶಾಲೆಯ ಅಳತೆಗಳನ್ನೂ ಸಂಶೋಧನ ಪ್ರಬಂಧವನ್ನೂ ಕೆಡಿಸಬಲ್ಲುದು.

ಆಡುವವರಿಗೆ ಕರ್ತವ್ಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ಯಂತ್ರವೇ ಸುಟ್ಟರೆ ಅಥವಾ ಕಳೆದುಹೋದರೆ ಅದರೊಳಗಿನ ಎರಡು ಪ್ರತಿಗಳೂ ಅದರೊಡನೆಯೇ ಹೋಗುತ್ತವೆ. ಆದುದರಿಂದ ಒಂದು ಪ್ರತಿಯನ್ನು ಬೇರೊಂದೆಡೆ ಇಟ್ಟುಕೊಳ್ಳುವುದು ವಿವೇಕ. ದೂರದ ಕಂಪ್ಯೂಟರಿನಲ್ಲಿ, ಎಂದರೆ ಕ್ಲೌಡ್ ಎಂಬುದರಲ್ಲಿ, ತಾನಾಗಿಯೇ ನಕಲಾಗುವುದೆಂದು ಮೈಮರೆಯಬಾರದು; ಇಲ್ಲಿನ ಕಡತವು ಕೆಟ್ಟರೆ ಕೆಟ್ಟ ಕಡತವೇ ಅಲ್ಲಿಗೂ ನಕಲಾಗಿ ಒಳ್ಳೆಯದನ್ನು ಅಳಿಸೀತು. ಹಿಂದಿನ ಕೆಲವು ದಿನಗಳ ಪ್ರತಿಗಳು ಬೇರೆ ಬೇರೆಯಾಗಿ ಉಳಿದರೆ ಮಾತ್ರ ಅದು ರಕ್ಷಣೆ. ಆದರೆ ಈ ಕರ್ತವ್ಯವನ್ನು ನೆರವೇರಿಸಲು ಅವಕಾಶವೂ ಇರಬೇಕಷ್ಟೆ. ವಂಚನೆಯ ಭಯದಿಂದ ಕೆಲವು ಆಟಗಳಲ್ಲಿ ಕಡತವನ್ನು ನಕಲು ಮಾಡಲು ಬಿಡುವುದಿಲ್ಲ. 2020ರ ಮಾರ್ಚಿಯಲ್ಲಿ ಬಂದ 'ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್' ಆಟಕ್ಕೆ ಮೊದಲು ಸಾಮಾನ್ಯವಾದ ಕ್ಲೌಡ್ ನಕಲಿನ ಸೌಲಭ್ಯವಿರಲಿಲ್ಲ, ಆಡುವವರು ತಿಂಗಳುಗಟ್ಟಲೆ ಕಟ್ಟಿದ ದ್ವೀಪವನ್ನು ಕಾಯ್ದಿಡುವ ಪ್ರತ್ಯೇಕ ಏರ್ಪಾಡು ಆ ವರ್ಷದ ಜುಲೈಯಲ್ಲಿ ಬಂದಿತು. ವಂಚನೆಯನ್ನು ತಡೆಯಲು ಬೇರೆ ಉಪಾಯಗಳಿವೆ. ಬೀಗವನ್ನು ಮನೆಯ ಒಡೆಯನಿಗೇ ಹಾಕುವುದು ನ್ಯಾಯವಲ್ಲ.

ನಮ್ಮ ತರುಣ ವಾಚಕರಲ್ಲಿ ಹಲವರು ನಾಳೆ ತಾವೇ ಪ್ರೋಗ್ರಾಮುಗಳನ್ನು ಬರೆಯುವರು. ಕೆಲವರು ಈಗಾಗಲೇ ಬರೆಯುತ್ತಿರಬಹುದು. ಅವರಿಗೆ ನಾವು ಹೇಳುವುದಿಷ್ಟೆ. ನಿಮ್ಮ ಪ್ರೋಗ್ರಾಮು ಕಡತವನ್ನು ಬರೆಯುತ್ತಿರುವಾಗ ನೀವೇ ಬೇಕೆಂದು ವಿದ್ಯುತ್ತನ್ನು ಆರಿಸಿ ನೋಡಿರಿ. ಒಮ್ಮೆಯಲ್ಲ, ಬೇರೆ ಬೇರೆ ಗಳಿಗೆಗಳಲ್ಲಿ ಹತ್ತಾರು ಸಲ ನೋಡಿರಿ. ಕಡತದ ನಡುವಣ ಒಂದು ಬೈಟನ್ನು ಬದಲಿಸಿ, ಪ್ರೋಗ್ರಾಮು ಅದನ್ನು ಗುರುತಿಸುವುದೇ ಎಂದು ಪರೀಕ್ಷಿಸಿರಿ. ಪ್ರತಿ ಸಲವೂ ಹಳೆಯದೋ ಹೊಸದೋ ಒಂದು ಪೂರ್ಣವಾದ ದಾಖಲೆಯು ದೊರೆತರೆ, ಆಗ ನಿಮ್ಮ ಕೆಲಸವು ಮುಗಿಯಿತೆನ್ನಬಹುದು. 'ಆರಿಸಬೇಡಿರಿ' ಎಂಬ ಎಚ್ಚರಿಕೆಯನ್ನು ಅನಂತರ ಬೇಕಾದರೆ ಬರೆಯಿರಿ. ಅದನ್ನು ಓದದವನ ಶ್ರಮವೂ ಉಳಿಯುವಂತಿರಲಿ.